ಬೇಸ್‌ಮೆಂಟ್ ಪರ್ವ

ಮಿಶಿಗನ್ ಸಂಸ್ಥಾನದಲ್ಲಿ ಮನೆ ಕಟ್ಟತಕ್ಕವನು ಮೊದಲು ಕೈಮುಗಿಯಬೇಕಾದದ್ದು ವಾಸ್ತುಪುರುಷನಿಗಲ್ಲ, ಹಿಮಕ್ಕೆ. ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುವುದರಿಂದಲೂ, ಹಾಗೆ ಉಬ್ಬಿದ ಮಣ್ಣು ತನ್ನ ಮೇಲೆ ನಿಂತ ಗೋಡೆಯನ್ನು ಮೇಲಕ್ಕೊತ್ತಿ ಸೀಳಿಬಿಡುವ ಸಂಭವವಿರುವುದರಿಂದಲೂ, ಅಸ್ತಿಭಾರವು ನೆಲಮಟ್ಟದಿಂದ 42 ಅಂಗುಲಗಳಷ್ಟಾದರೂ ಕೆಳಗಿಳಿದಿರಬೇಕೆಂಬುದು ಇಲ್ಲಿಯ ಕಟ್ಟಡದ ಕಟ್ಟಳೆ. ಹೇಗೂ ಅಷ್ಟು ಅಗೆದದ್ದಾಯಿತು, ಇನ್ನೊಂದು ನಾಲ್ಕೈದು ಅಡಿ ಅಗೆದರೆ ಒಂದು ಅಂತಸ್ತೇ ಲಾಭವಾಯಿತಲ್ಲ ಎಂಬ ವಿವೇಕದಿಂದ ಹುಟ್ಟಿದ್ದು ಬೇಸ್‌ಮೆಂಟ್ ಎಂಬ ಪಾತಾಳಲೋಕ. ಮನೆ ಕಟ್ಟಿ ಮಾರುವವರು ಮೇಲಿನ ಎರಡು ಅಂತಸ್ತುಗಳಿಗೆ ಬಣ್ಣ ಬಳಿದು, ನೆಲಕ್ಕೆ ರತ್ನಗಂಬಳಿ ಹಾಸಿ, ಅಡಿಗೆಮನೆಗೆ ಕಲ್ಲಿನ ಕಟ್ಟೆ ಕೂರಿಸಿ, ಕೆಳಗಿನದನ್ನು ಮಾತ್ರ ಬರಿಯ ಕಾಂಕ್ರೀಟು ಗೋಡೆ, ತಲೆಯ ಮೇಲೆ ತೊಲೆ ಮತ್ತು ಕೊಳವೆ, ಮಧ್ಯೆ ಘೂಂಕರಿಸುವ ಬೆಂಕಿಯೊಲೆ, ಮೂಲೆಯಲ್ಲಿ ಒಸರುವ ನೀರನ್ನು ಹೊರಗೆ ತಳ್ಳುವ ಪಂಪು, ಇಷ್ಟರಲ್ಲಿಯೇ ಬಿಟ್ಟು ಹೊರಟುಹೋಗುತ್ತಾರೆ. ಕೊಳ್ಳುವ ಕನ್ನಡಿಗನಾದರೋ ಆ ಶೂನ್ಯಸ್ಥಲವನ್ನು ದಿಟ್ಟಿಸಿ ನೋಡಿ, ‘ಇದನ್ನು ನಾವೇ ನಿಧಾನವಾಗಿ ಮಾಡಿಕೊಂಡರಾಯಿತು’ ಎಂದು ಹೆಂಡತಿಗೆ ಹೇಳುತ್ತಾನೆ. ಈ ವಾಕ್ಯದಲ್ಲಿ ‘ನಿಧಾನವಾಗಿ’ ಎಂಬ ಅಂಶವೊಂದು ಮಾತ್ರ ಕಾಲಕ್ರಮದಲ್ಲಿ ಅಕ್ಷರಶಃ ನಿಜವಾಗತಕ್ಕದ್ದು.

ಡೆಟ್ರಾಯಿಟ್ ನಗರದ ಸುತ್ತಣ ನೋವೈ, ಟ್ರಾಯ್, ಕ್ಯಾಂಟನ್ ಮೊದಲಾದ ಊರುಗಳಲ್ಲಿ ಮೋಟಾರು ಕಾರಿನ ಉದ್ಯಮವನ್ನು ನೆಚ್ಚಿ ಬಂದು ನೆಲಸಿರುವ ನಮ್ಮವರ ಸಂಸಾರಗಳನ್ನು ನಾನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಪ್ರತಿಯೊಂದು ಮನೆಯಲ್ಲಿಯೂ ಎರಡು ಅಪೂರ್ಣ ಕೃತಿಗಳುಂಟು: ಒಂದು ನೆಲದ ಕೆಳಗೆ, ಇನ್ನೊಂದು ಮೇಜಿನ ಡ್ರಾಯರಿನೊಳಗೆ. ಅಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳನ್ನೆಲ್ಲ ಧ್ವನಿಮುದ್ರಿಕೆಯಿಂದ ಬರಹಕ್ಕಿಳಿಸಲು ಹೊರಟ ಒಬ್ಬ ಮಹನೀಯರು ಅದರ ಜೊತೆಗೇ ಬೇಸ್‌ಮೆಂಟಿನಲ್ಲಿ ಸಿನಿಮಾ ಮಂದಿರವೊಂದನ್ನೂ ಕಟ್ಟುತ್ತಿದ್ದಾರೆ. ಸದ್ಯಕ್ಕೆ ಅಲ್ಲಿ ಕುರ್ಚಿಗಳಿವೆ, ತೆರೆಯಿಲ್ಲ. ನಡುವಯಸ್ಸಿನಲ್ಲಿ ವೀಣೆ ಹಿಡಿದ ಇನ್ನೊಬ್ಬ ತಾಯಿ ವರ್ಣದವರೆಗೆ ಬಂದು, ಸ್ನಾನದ ಮನೆಗೆ ಬಿಲ್ಲೆ ಹಾಸುವ ಕಾರ್ಯ ನಡುವೆ ಬಂದುದರಿಂದ ಅಲ್ಲಿಯೇ ವಿಶ್ರಮಿಸಿದ್ದಾರೆ. ಇವರೆಲ್ಲರೂ ಕಚೇರಿಯ ಕೆಲಸದಲ್ಲಿ ಮಹಾ ಸಮರ್ಥರು. ಕೋಟಿಗಟ್ಟಲೆ ಡಾಲರಿನ ಯೋಜನೆಗಳನ್ನು ಗೊತ್ತಾದ ದಿನಕ್ಕೆ ಮುಗಿಸಿಕೊಡತಕ್ಕವರು. ಮನೆಗೆ ಬಂದೊಡನೆ ಆ ಸಾಮರ್ಥ್ಯವು ಪಾದರಕ್ಷೆಗಳ ಜೊತೆಯಲ್ಲಿ ಬಾಗಿಲಲ್ಲಿಯೇ ಉಳಿದುಬಿಡುವುದೇಕೆ ಎಂಬುದೇ ಈ ಲೇಖನದ ಜಿಜ್ಞಾಸೆ.

ನಮ್ಮ ಮನೆಯ ಸಂಗತಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನಾನು ಹಾಸನದ ಸೀಮೆಯವನು, ನನ್ನಾಕೆ ಧಾರವಾಡದವಳು. ಆದುದರಿಂದ ನಮ್ಮಲ್ಲಿ ಎಲ್ಲವೂ ಸ್ವಲ್ಪ ಹೆಚ್ಚಾಗಿಯೇ ಉಂಟು, ಅಪೂರ್ಣ ಕೃತಿಗಳು ಕೂಡ ಮೂರು. ಮೊದಲನೆಯದು ಯಥಾಪ್ರಕಾರ ಬೇಸ್‌ಮೆಂಟು. ಎರಡನೆಯದು ನನ್ನ ಕಾದಂಬರಿ. ಅದರ ನಾಯಕನು ಮೂರನೆಯ ಅಧ್ಯಾಯದಲ್ಲಿ ಹಾಸನದ ಗಾಡಿಯಿಂದಿಳಿದು, ಹುಬ್ಬಳ್ಳಿಯ ಗಾಡಿಗಾಗಿ ಅರಸೀಕೆರೆಯ ನಿಲ್ದಾಣದಲ್ಲಿ ಕಾಯುತ್ತ ಕುಳಿತವನು ಬಹುಕಾಲ ಏಳಲೇ ಇಲ್ಲ. ಮೂರನೆಯದು ನನ್ನಾಕೆಯ ಕಸೂತಿ. ಧಾರವಾಡದಿಂದ ತರಿಸಿದ ಕಪ್ಪು ಚಂದ್ರಕಾಳಿ ಸೀರೆಯೊಂದರ ಒಡಲಿಗೂ ಸೆರಗಿಗೂ ಗೋಪುರ, ತೇರು, ತುಳಸೀಕಟ್ಟೆ, ಅಂಬಾರಿ ಹೊತ್ತ ಆನೆ ಇವನ್ನೆಲ್ಲ ತುಂಬಿ, ಮಗಳ ಮದುವೆಯಲ್ಲಿ ಅವಳಿಗೆ ಉಡಿಸಬೇಕೆಂಬ ಸಂಕಲ್ಪ. ಮಗಳು ಆನ್ ಆರ್ಬರಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಮದುವೆಯ ಮಾತೆತ್ತಿದರೆ ದೂರವಾಣಿಯ ಸಂಪರ್ಕ ತಾನಾಗಿಯೇ ಕಡಿದುಹೋಗುತ್ತದೆ. ಆದರೂ ಮೂರು ಕೃತಿಗಳಲ್ಲಿ ಬಹುಕಾಲ ನಿಜವಾಗಿ ಮುಂದುವರಿಯುತ್ತಿದ್ದುದು ಸೀರೆಯೊಂದೇ ಎಂಬುದನ್ನು ಇತಿಹಾಸಕಾರನ ನಿಷ್ಪಕ್ಷಪಾತದಿಂದ ದಾಖಲಿಸಬೇಕಾಗಿದೆ.

“ಆ ಹುಡುಗಗ ಇನ್ನೂ ಗಾಡಿ ಬಂದಿಲ್ಲೇನ್ರಿ?” ಎಂದು ನನ್ನಾಕೆ ಆಗಾಗ ಕೇಳುತ್ತಿದ್ದುದುಂಟು. ಅದರಲ್ಲಿ ವ್ಯಂಗ್ಯವಿದೆಯೆಂದು ನಾನು ಹೇಳಲಾರೆ. ಧಾರವಾಡದವರು ಅನುಕಂಪವನ್ನೂ ಆ ಧಾಟಿಯಲ್ಲಿಯೇ ವ್ಯಕ್ತಪಡಿಸುತ್ತಾರೆ.

ನಮ್ಮ ಪೂರ್ವಿಕರು ಉತ್ಸಾಹವೆಂಬುದನ್ನು ಎಷ್ಟು ಗೌರವದಿಂದ ಕಂಡಿದ್ದರೆಂಬುದು ಅಲಂಕಾರಶಾಸ್ತ್ರವನ್ನು ಓದಿದವರಿಗೆಲ್ಲ ತಿಳಿದಿದೆ. ಶೃಂಗಾರಕ್ಕೆ ರತಿಯು ಹೇಗೋ, ಕರುಣಕ್ಕೆ ಶೋಕವು ಹೇಗೋ, ಹಾಗೆ ವೀರರಸಕ್ಕೆ ಉತ್ಸಾಹವು ಸ್ಥಾಯಿಭಾವ. ಸ್ಥಾಯಿ ಎಂದರೆ ನೆಲೆನಿಂತಿರತಕ್ಕದ್ದು. ಅದರ ಮೇಲೆ ಬಂದು ಹೋಗುವ ಸಂಚಾರಿಭಾವಗಳು ಮೂವತ್ತಮೂರು. ಭರತಮುನಿಯು ಮಿಶಿಗನ್ನಿಗೆ ಬಂದು ಶನಿವಾರದ ಮಧ್ಯಾಹ್ನ ಯಾವುದಾದರೊಂದು ಕನ್ನಡಿಗರ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕುಳಿತಿದ್ದರೆ ಈ ವರ್ಗೀಕರಣವನ್ನು ನಿಸ್ಸಂದೇಹವಾಗಿ ತಿದ್ದುತ್ತಿದ್ದನು. ಇಲ್ಲಿ ಸ್ಥಾಯಿಯಾಗಿರತಕ್ಕದ್ದು ಆಲಸ್ಯ. ಅದನ್ನು ಚಿಂತೆ, ಶ್ರಮ, ಗ್ಲಾನಿ, ನಿರ್ವೇದಗಳು ಪೋಷಿಸುತ್ತವೆ. ಅನ್ನ ಸಾರು ಉಂಡಾದ ಮೇಲೆ ನಿದ್ರೆಯೂ ಬಂದು ಸೇರುತ್ತದೆ. ಉತ್ಸಾಹವಾದರೋ ಶುದ್ಧ ಸಂಚಾರಿ. ಅದು ಬರುವುದು ಹೋಮ್ ಡಿಪೋ ಎಂಬ ಮಹಾಭಂಡಾರದ ಮರದ ಸಾಲಿನಲ್ಲಿ ನಿಂತಾಗ, ಪರಿಮಳಿಸುವ ಹೊಸ ಹಲಗೆಗಳನ್ನು ಮುಟ್ಟಿ ನೋಡಿದಾಗ. ಅವುಗಳನ್ನು ವಾಹನದಿಂದ ಇಳಿಸಿ ಗ್ಯಾರೇಜಿನಲ್ಲಿ ಜೋಡಿಸುವ ವೇಳೆಗೆ ಅದು ಮರಳಿ ಅಂಗಡಿಗೇ ಹೊರಟುಹೋಗಿರುತ್ತದೆ.

ಹೀಗೆ ಬಂದುಹೋಗುವ ಉತ್ಸಾಹವನ್ನು ಹಿಡಿದಿಡುವ ವಿಷಯದಲ್ಲಿ ಉಪದೇಶಕ್ಕೇನೂ ಬರಗಾಲವಿಲ್ಲ. ನಮ್ಮ ಕನ್ನಡ ಕೂಟದಲ್ಲಿ ಒಬ್ಬ ಸನ್ಮಿತ್ರರಿದ್ದಾರೆ. ಅವರು ಪ್ರತಿಯೊಂದನ್ನೂ ಕೋಷ್ಟಕದಲ್ಲಿ ಬರೆದು, ಆಗಿದ್ದಕ್ಕೆ ಹಸಿರು, ಆಗಬೇಕಾದದ್ದಕ್ಕೆ ಹಳದಿ, ಮೀರಿಹೋದದ್ದಕ್ಕೆ ಕೆಂಪು ಬಳಿಯತಕ್ಕ ಶಿಸ್ತಿನವರು. ಯುಗಾದಿಯ ಕಾರ್ಯಕ್ರಮದಲ್ಲಿ ಒಬ್ಬಟ್ಟಿನ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದವರು, “ನೋಡಿ ಸಾರ್, ಹೆಚ್ಚೇನೂ ಬೇಡ, ದಿನಕ್ಕೆ ಹದಿನೈದು ನಿಮಿಷ ಮಾಡಿ. ವರ್ಷಕ್ಕೆ ತೊಂಬತ್ತು ಗಂಟೆಯ ಮೇಲಾಯಿತು” ಎಂದರು. ಗಣಿತದಲ್ಲಿ ದೋಷವಿಲ್ಲ. ಆದರೆ ಈ ಹದಿನೈದು ನಿಮಿಷಗಳು ಪ್ರಾರಂಭವಾಗುವುದು ಯಾವ ಕ್ಷಣದಿಂದ ಎಂಬುದನ್ನು ಶಾಸ್ತ್ರಕಾರರು ಸ್ಪಷ್ಟಪಡಿಸಿಲ್ಲ. ಮೆಟ್ಟಿಲಿಳಿದು ದೀಪ ಹಾಕಿ, ಅಳತೆಯ ಟೇಪು ಎಲ್ಲಿದೆಯೆಂದು ಹುಡುಕಿ, ಅದು ಹಿಂದಿನ ವಾರ ಪರದೆಯ ಅಳತೆಗೆಂದು ಮಲಗುವ ಕೋಣೆಗೆ ಹೋಗಿರುವುದನ್ನು ನೆನೆದು, ಮೇಲಕ್ಕೆ ಹತ್ತಿ, ಅಲ್ಲಿ ಒಗೆದ ಬಟ್ಟೆಗಳ ರಾಶಿ ಮಡಿಸದೆ ಬಿದ್ದಿರುವುದನ್ನು ಕಂಡು, ಗೃಹಸ್ಥಧರ್ಮಕ್ಕೆ ಕಟ್ಟುಬಿದ್ದು ನಾಲ್ಕು ಅಂಗಿಗಳನ್ನು ಮಡಿಸುವಷ್ಟರಲ್ಲಿ ಹದಿನೈದು ನಿಮಿಷವೂ ಮುಗಿದು ಹದಿನಾರನೆಯದರಲ್ಲಿ ಕುಕ್ಕರು ಕೂಗುತ್ತದೆ. ಕಾದಂಬರಿಯ ಸ್ಥಿತಿ ಇನ್ನೂ ಸೂಕ್ಷ್ಮ. ಕನ್ನಡದ ಲೇಖಕನು ಗಣಕದ ಮುಂದೆ ಕುಳಿತರೆ ಮೊದಲು ಕಾಡತಕ್ಕದ್ದು ಏನು ಬರೆಯಲಿ ಎಂಬ ಪ್ರಶ್ನೆಯಲ್ಲ, ‘ಬರಹ’ ತಂತ್ರಾಂಶದಲ್ಲಿ ಬರೆಯಲೋ ‘ನುಡಿ’ ತಂತ್ರಾಂಶದಲ್ಲಿ ಬರೆಯಲೋ ಎಂಬ ಪ್ರಶ್ನೆ, ಅದು ಇತ್ಯರ್ಥವಾದರೆ ಅಕ್ಷರದ ಅಂದ, ಅದೂ ಆದರೆ ಹಿಂದೆ ಬರೆದ ಮೊದಲನೆಯ ವಾಕ್ಯವನ್ನು ತಿದ್ದುವುದು. ನನ್ನ ಕಾದಂಬರಿಯ ಮೊದಲನೆಯ ವಾಕ್ಯದಷ್ಟು ಸಂಸ್ಕಾರ ಪಡೆದ ವಾಕ್ಯ ಕನ್ನಡದಲ್ಲಿ ಇನ್ನೊಂದಿರಲಾರದು.

ಅದೇ ಮಿತ್ರರು ಇನ್ನೊಂದು ಮಾತನ್ನೂ ಹೇಳಿದರು: “ಒಂದು ಮುಗಿಯೋ ತನಕ ಇನ್ನೊಂದನ್ನ ಮುಟ್ಟಬೇಡಿ.” ಇದನ್ನು ನಾನು ಸರ್ವಥಾ ಒಪ್ಪತಕ್ಕವನಲ್ಲ. ಒಪ್ಪದಿರುವುದಕ್ಕೆ ಕಾರಣ ಸ್ವಾರ್ಥವೆಂದು ಓದುಗರು ಭಾವಿಸಿದರೆ ಅದು ಅವರ ಔದಾರ್ಯ. ನನ್ನ ಪ್ರಮಾಣಪುರುಷನು ಬೇರೆ. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್, ಪರದೇಶದಲ್ಲಿದ್ದು ದೀರ್ಘ ಕೃತಿಯನ್ನು ಕೈಗೊಂಡವರಿಗೆಲ್ಲ ಮೂಲಪುರುಷನಲ್ಲವೆ? ಆತನ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಬಂದಾಗ ಯುವಕನಾಗಿದ್ದವನು ಅಷ್ಟರಲ್ಲಿ ಅರವತ್ತನ್ನು ದಾಟಿದ್ದನು. ಈ ನಡುವೆ ಆತನು ಬರಿಯ ನಿಘಂಟನ್ನೇ ಹಿಡಿದು ಕುಳಿತಿದ್ದನೆ? ಇಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿ ಕೊಟ್ಟನು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಹೊರತಂದನು. ನಿಘಂಟು ಮುಗಿದ ಮೇಲೂ ಸುಮ್ಮನಿರದೆ 1903ರಲ್ಲಿ ವ್ಯಾಕರಣವೊಂದನ್ನು ಪ್ರಕಟಿಸಿ ಅದೇ ವರ್ಷ ಕಣ್ಮುಚ್ಚಿದನು. ಶಬ್ದಗಳು ಬೇಸರ ಹಿಡಿಸಿದಾಗ ಛಂದಸ್ಸಿಗೆ ಓಡಿ, ಛಂದಸ್ಸು ತಲೆ ತಿಂದಾಗ ಶಬ್ದಗಳಿಗೆ ಮರಳುತ್ತಿದ್ದನೆಂದು ಊಹಿಸುವುದರಲ್ಲಿ ನನಗೆ ಪರಮಸಂತೋಷವಿದೆ. ಕೆಲಸದಿಂದ ತಪ್ಪಿಸಿಕೊಳ್ಳುವುದು ಮನುಷ್ಯಸ್ವಭಾವ; ತಪ್ಪಿಸಿಕೊಂಡು ಓಡತಕ್ಕವನಿಗೆ ಇನ್ನೊಂದು ಕೆಲಸವೇ ಎದುರಾಗುವಂತೆ ಮನೆಯನ್ನು ವ್ಯವಸ್ಥೆಗೊಳಿಸಿದರೆ ಪಲಾಯನವೇ ಪುರುಷಾರ್ಥವಾಗುತ್ತದೆ. ಅಧ್ಯಾಯ ಮುಂದೆ ಸಾಗದ ಸಂಜೆಗಳಲ್ಲಿಯೇ ನಾನು ಬೇಸ್‌ಮೆಂಟಿನ ಪೂರ್ವದಿಕ್ಕಿನ ಗೋಡೆಗೆ ಚೌಕಟ್ಟನ್ನು ನಿಲ್ಲಿಸಿದ್ದು. ಹದಿನಾರು ಅಂಗುಲಕ್ಕೊಂದರಂತೆ ನಿಲ್ಲಿಸಬೇಕಾದ ಮರದ ಕಂಬಗಳನ್ನು ನಿಲ್ಲಿಸಿ ಸುಸ್ತಾದ ರಾತ್ರಿಗಳಲ್ಲಿಯೇ ಅರಸೀಕೆರೆಯ ನಿಲ್ದಾಣದ ಕಾಫಿಯ ವರ್ಣನೆ ಒಂದೂವರೆ ಪುಟಕ್ಕೆ ಬೆಳೆದದ್ದು.

ಬೃಹತ್ಕಾರ್ಯಗಳಿಗೆ ನಮ್ಮ ನಾಡಿನಲ್ಲಿಯೇ ಸಾಕ್ಷ್ಯಗಳು ಹೇರಳವಾಗಿವೆಯೆಂದು ನಾನು ಮನೆಯಲ್ಲಿ ವಾದಿಸಿದ್ದುಂಟು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದೂ ಕೊನೆಯದೂ ಆದ ಸಂಪುಟ ಬಂದದ್ದು 1995ರಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಆರಂಭವಾದ ಹಳೇಬೀಡಿನ ಹೊಯ್ಸಳೇಶ್ವರವು ಶಿಖರವಿಲ್ಲದೆಯೇ ಇಂದಿಗೂ ನಿಂತಿದೆ; ಹಾಗೆ ನಿಂತುಕೊಂಡೇ 2023ರಲ್ಲಿ ಬೇಲೂರು, ಸೋಮನಾಥಪುರಗಳ ಜೊತೆಯಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದೆ. ನಮ್ಮ ಜಿಲ್ಲೆಯವರಿಗೆ ಅಪೂರ್ಣತೆಯೆಂಬುದು ಒಂದು ಶಿಲ್ಪಶೈಲಿ ಎಂದು ನಾನು ಮುಕ್ತಾಯ ಮಾಡಿದಾಗ, ನನ್ನಾಕೆ ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತಲೇ, “ಹೊಯ್ಸಳರು ಟೌನ್‌ಶಿಪ್ಪಿಗೆ ಪರ್ಮಿಟ್ಟಿನ ರೊಕ್ಕ ಕಟ್ಟಿರಲಿಲ್ರಿ” ಎಂದಳು.

ಈ ಪರ್ಮಿಟ್ಟಿನ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕು. ಇಲ್ಲಿ ಸ್ವಂತ ಮನೆಯ ಬೇಸ್‌ಮೆಂಟಿನಲ್ಲಿ ಗೋಡೆ ನಿಲ್ಲಿಸುವುದಕ್ಕೂ ಅನುಮತಿ ಬೇಕು. ಅನುಮತಿ ಪತ್ರವನ್ನು ಕಿಟಕಿಗೆ ಅಂಟಿಸಬೇಕು. ಮರದ ಚೌಕಟ್ಟು, ವಿದ್ಯುತ್ತಿನ ತಂತಿ, ನೀರಿನ ಕೊಳವೆ ಇವನ್ನು ಹಲಗೆಯಿಂದ ಮುಚ್ಚುವ ಮುನ್ನ ಇನ್ಸ್‌ಪೆಕ್ಟರರು ಬಂದು ನೋಡಿ ಒಪ್ಪಿಗೆ ಹಾಕಬೇಕು. ಇವೆಲ್ಲಕ್ಕಿಂತ ಗಂಭೀರವಾದ ವಿಧಿ ಇನ್ನೊಂದುಂಟು: ಕೆಲಸವು 180 ದಿನಗಳ ಕಾಲ ನಿಂತುಹೋದರೆ ಅನುಮತಿಯೂ ಸತ್ತುಹೋಗುತ್ತದೆ. ಈ ಶಾಸನವನ್ನು ರಚಿಸಿದವರು ಮನುಷ್ಯನ ಉತ್ಸಾಹದ ಆಯುಷ್ಯವನ್ನು ಚೆನ್ನಾಗಿ ಬಲ್ಲ ಋಷಿಗಳೇ ಇರಬೇಕು. ಇನ್ನು ನೋಡಿ ದೈವಘಟನೆ: ಊರಿನಿಂದ ಮಕ್ಕಳನ್ನು ನೋಡಲು ಬರುವ ತಂದೆತಾಯಿಗಳಿಗೆ ಈ ದೇಶದಲ್ಲಿ ಸಾಮಾನ್ಯವಾಗಿ ದೊರೆಯುವ ವಾಸ್ತವ್ಯದ ಅವಧಿಯೂ ಆರು ತಿಂಗಳೇ. ಈ ದೇಶದ ಕಾನೂನು ಬೇಸ್‌ಮೆಂಟಿಗೂ ಮಾವನವರಿಗೂ ಸಮಾನ ಕಾಲಾವಕಾಶವನ್ನು ಕೊಟ್ಟಿರುವುದರಲ್ಲಿ ಏನೋ ಒಂದು ಗೂಢಾರ್ಥವಿರಬೇಕೆಂದು ನನಗೆ ಆಗ ಹೊಳೆದಿರಲಿಲ್ಲ.

ಮಾವನವರೂ ಅತ್ತೆಯವರೂ ಏಪ್ರಿಲ್ ತಿಂಗಳಲ್ಲಿ ಬಂದಿಳಿದರು. ಮಾವನವರು ನೀರಾವರಿ ಇಲಾಖೆಯಲ್ಲಿ ಕಾಲುವೆ, ಸೇತುವೆ, ತೂಬುಗಳ ನಡುವೆ ಆಯುಷ್ಯ ಸವೆಸಿ ನಿವೃತ್ತರಾದ ಎಂಜಿನಿಯರು. ಬಂದ ಮರುದಿನವೇ ಬೆಳಗಿನ ಚಹಾ ಮುಗಿಸಿ, ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹಿಡಿದು ಪಾತಾಳಕ್ಕಿಳಿದರು. ಇಳಿದು, ನಾನು ನಿಲ್ಲಿಸಿದ್ದ ಕಂಬವೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿ, “ಅಳಿಯಂದಿರ, ಗ್ವಾಡಿ ಯಾವಾಗ ಕಟ್ಟವ್ರು?” ಎಂದು ಕೇಳಿದರು. ಇದೇ ಗೋಡೆ, ಇದರ ಮೇಲೆ ಜಿಪ್ಸಮ್ಮಿನ ಹಲಗೆ ಬರುತ್ತದೆ ಎಂದು ನಿವೇದಿಸಿದೆ. ಅವರು ಹಲಗೆಯ ಚೂರೊಂದನ್ನು ಎತ್ತಿ, ಅದರ ಎರಡು ಮುಖಕ್ಕೂ ಕಾಗದ ಹತ್ತಿರುವುದನ್ನು ಉಗುರಿನಿಂದ ಪರೀಕ್ಷಿಸಿ, ಬಹಳ ಹೊತ್ತು ಮಾತನಾಡಲಿಲ್ಲ. ಗಚ್ಚು ಗಾರೆಗಳನ್ನು ಕಂಡ ಜೀವಕ್ಕೆ ಅದೊಂದು ಸಣ್ಣ ಆಘಾತವೇ. “ಎರಡು ಬೈ ನಾಲ್ಕು” ಎಂದು ಅಂಗಡಿಯವರು ಮಾರುವ ಮರವು ಅಳೆದರೆ ಒಂದೂವರೆ ಅಂಗುಲಕ್ಕೆ ಮೂರೂವರೆ ಅಂಗುಲವಿರುತ್ತದೆಂಬುದನ್ನು ತಾವೇ ಅಳೆದು ಕಂಡುಕೊಂಡಾಗ, “ನಮ್ಮ ಇಲಾಖಾದೊಳಗ ಇದಕ್ಕ ಎನ್‌ಕ್ವಾಯರಿ ಆಗತಿತ್ತು” ಎಂದು ಮಾತ್ರ ಹೇಳಿ ಕುರ್ಚಿಯಲ್ಲಿ ಕುಳಿತರು.

ಆ ಕುರ್ಚಿಯೇ ನಮ್ಮ ಬೇಸ್‌ಮೆಂಟಿನ ಇತಿಹಾಸದಲ್ಲಿ ಯುಗಪ್ರವರ್ತಕವಾದ ಸಲಕರಣೆ. ಮಾವನವರು ಒಂದು ಮೊಳೆಯನ್ನೂ ಹೊಡೆಯಲಿಲ್ಲ, ಸುತ್ತಿಗೆಯನ್ನು ಮುಟ್ಟಲಿಲ್ಲ. ನಾನು ಕಚೇರಿಯಿಂದ ಬರುವ ವೇಳೆಗೆ ಪ್ರತಿ ಸಾಯಂಕಾಲವೂ ಅವರು ಕೆಳಗೆ ಕುಳಿತಿರುತ್ತಿದ್ದರು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, “ಇವತ್ತ ಯಾವ ಗ್ವಾಡಿ?” ಎಂದು ಕೇಳುತ್ತಿದ್ದರು. ಹುಟ್ಟಿದ ಊರಿನಿಂದ ಏಳು ಸಮುದ್ರ ದಾಟಿ ಬಂದ ಹೆಣ್ಣುಕೊಟ್ಟ ಮಾವನಿಗೆ, ‘ಇವತ್ತು ಯಾವುದೂ ಇಲ್ಲ’ ಎಂದು ಉತ್ತರಿಸುವ ಎದೆಗಾರಿಕೆ ಹಾಸನ ಜಿಲ್ಲೆಯಲ್ಲಿ ಯಾವ ಅಳಿಯನಿಗೂ ಇಲ್ಲ. ತೂಗುಗುಂಡು ಕಟ್ಟಿ ನೋಡಿದಿರಾ, ರಸಮಟ್ಟ ಹಿಡಿದಿರಾ ಎಂಬ ವಿಚಾರಣೆಗಳ ಮಧ್ಯೆ ಉತ್ತರದ ಗೋಡೆ ಎದ್ದಿತು, ಪಶ್ಚಿಮದ್ದು ಎದ್ದಿತು. ಮಲಗುವ ಕೋಣೆಯೆಂದು ಗುರುತಿಸಿದ್ದ ಮೂಲೆಗೆ, ಬೆಂಕಿ ಬಿದ್ದರೆ ಹೊರಬೀಳಲು ಶಾಸನ ವಿಧಿಸುವ ದೊಡ್ಡ ಕಿಟಕಿಯೂ ಬಂತು. ತಂತಿಯೆಳೆಯುವವನು ಬಂದು ಹೋದನು. ಉತ್ಸಾಹವೇನಾದರೂ ನನ್ನಲ್ಲಿ ಉಕ್ಕಿತೆ ಎಂದರೆ ಇಲ್ಲ. ಅದರ ಅವಶ್ಯಕತೆಯೇ ಬೀಳಲಿಲ್ಲ.

ಇತ್ತ ಮೇಲಿನ ಅಂತಸ್ತಿನಲ್ಲಿ ಅತ್ತೆಯವರ ತನಿಖೆ ಬೇರೊಂದು ರೀತಿಯಲ್ಲಿ ನಡೆದಿತ್ತು. ಕಸೂತಿಯನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಅದಕ್ಕೆ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನು ಕಣ್ಣಿನಿಂದಲೇ ಎಣಿಸಿ ಸೂಜಿ ನಡೆಸಬೇಕು. ಗಂಟು ಹಾಕಕೂಡದು. ಗಾವಂತಿ, ಮುರ್ಗಿ, ನೇಗಿ, ಮೆಂಥಿ ಎಂದು ನಾಲ್ಕು ಹೊಲಿಗೆಗಳು; ಗಾವಂತಿ ಮುರ್ಗಿಗಳಲ್ಲಿ ಸೀರೆಯ ಒಳಮೈಯೂ ಹೊರಮೈಯೂ ಒಂದೇ ಸಮನಾಗಿ ಕಾಣಬೇಕು. ಆದುದರಿಂದ ಅತ್ತೆಯವರು ಮಗಳ ಕೈಯಿಂದ ಸೀರೆಯನ್ನು ತೆಗೆದುಕೊಂಡವರು ಆನೆಯನ್ನು ನೋಡಲಿಲ್ಲ, ತೇರನ್ನು ನೋಡಲಿಲ್ಲ. “ಹಿಂದಿನ ಬಾಜೂ ತೋರಸು” ಎಂದರು. ಹಿಂದಿನ ಬದಿಯನ್ನು ಬೆಳಕಿಗೆ ಹಿಡಿದು, ಒಂದು ಗೋಪುರದ ತುದಿಯಲ್ಲಿ ಒಂದೇ ಒಂದು ಎಳೆ ತಪ್ಪಿರುವುದನ್ನು ಕಂಡು, ಏನೂ ಹೇಳದೆ ಅಲ್ಲಿ ಬೆರಳಿಟ್ಟರು. ನನ್ನಾಕೆ ಆ ರಾತ್ರಿಯೇ ಗೋಪುರವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಹಲಗೆ ಮುಚ್ಚುವ ಮೊದಲು ಗೋಡೆಯ ಒಳಗನ್ನು ನೋಡಬೇಕೆನ್ನುವ ಇನ್ಸ್‌ಪೆಕ್ಟರನಿಗೂ ಅತ್ತೆಯವರಿಗೂ ಶಾಸ್ತ್ರ ಒಂದೇ. ಕಾದಂಬರಿಯ ಹಿಂದಿನ ಬಾಜೂ ನೋಡತಕ್ಕವರು ಈ ಪ್ರಪಂಚದಲ್ಲಿ ಯಾರೂ ಇಲ್ಲದಿರುವುದೇ ಕಾದಂಬರಿಕಾರರ ದುರ್ದೈವವೆಂದು ನಾನು ಹೇಳಿದರೆ, ಸುದೈವವೆಂದು ವಿಮರ್ಶಕರು ಹೇಳಿಯಾರು.

ನನ್ನಾಕೆಯ ಸೀರೆ ಅತ್ತೆಯವರು ಬರುವ ಮೊದಲೂ ಮುಂದುವರಿಯುತ್ತಿತ್ತು. ಆದುದರಿಂದ ಎಲ್ಲ ಕೀರ್ತಿಯನ್ನೂ ಹೀಗೆ ಕುಳಿತು ನೋಡುವ ಸಾಕ್ಷಿಗಳಿಗೆ ಕೊಡುವುದು ನ್ಯಾಯವಲ್ಲ. ಅದರ ರಹಸ್ಯವನ್ನು ಒಂದು ಸಂಜೆ ವಿನಯಪೂರ್ವಕವಾಗಿ ಕೇಳಿದೆ. ಗಾವಂತಿ ಹೊಲಿಗೆಯಲ್ಲಿ ದಾರವು ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಹೋಗಿ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಬರುತ್ತದೆ. ಅವಳು ಎಂದೂ ಒಂದು ಚಿತ್ರ ಮುಗಿದಲ್ಲಿ ಸೂಜಿ ಚುಚ್ಚಿಟ್ಟು ಏಳುವುದಿಲ್ಲ. ಮರಳುವ ದಾರಿಯ ಅರ್ಧದಲ್ಲಿ ನಿಲ್ಲಿಸಿ ಎದ್ದುಬಿಡುತ್ತಾಳೆ. “ಅರ್ಧಾ ತುಂಬಿದ ಗೆರೀ ಕಣ್ಣಿಗೆ ಚುಚ್ಚತದ್ರಿ. ಮರುದಿವ್ಸ ಕರೀದನs ಕೈ ತಾನs ಹೋಗ್ತದ” ಎಂದಳು. ನಾನು ಈ ತತ್ತ್ವವನ್ನು ತತ್‌ಕ್ಷಣವೇ ಅನುಷ್ಠಾನಕ್ಕೆ ತಂದೆ. ಕಾದಂಬರಿಯಲ್ಲಿ ಒಂದು ವಾಕ್ಯವನ್ನು ಕ್ರಿಯಾಪದಕ್ಕೆ ಮುಂಚೆಯೇ ನಿಲ್ಲಿಸಿ ಮಲಗಿದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದವು ಕೊನೆಗೆ ಬರುವುದರಿಂದ, ದೂರದಲ್ಲಿ ಶಿಳ್ಳೆ ಕೇಳಿಸಿದ ನಾಯಕನು ಎದ್ದನೋ, ಬಿದ್ದನೋ, ಅತ್ತನೋ, ನಕ್ಕನೋ ಎಂಬುದು ಬೆಳಗಿನವರೆಗೆ ಅನಿಶ್ಚಿತವಾಗಿ, ಆ ಚಡಪಡಿಕೆಯಿಂದಲೇ ಆರು ಗಂಟೆಗೆ ಎಚ್ಚರವಾಯಿತು. ಬೆಳಗಿನ ಕಾಫಿಗೆ ಮುಂಚೆ ಅವನು ಎದ್ದು ನಿಂತಿದ್ದನು. ಆ ವಾರಾಂತ್ಯದ ವೇಳೆಗೆ ಬೀರೂರನ್ನೂ ದಾಟಿದನು. ಈ ತಂತ್ರ ಬೇಸ್‌ಮೆಂಟಿಗೆ ಮಾತ್ರ ಒಗ್ಗುವುದಿಲ್ಲ. ಅರ್ಧ ತಿರುಗಿಸಿ ಬಿಟ್ಟ ಸ್ಕ್ರೂವಿಗೆ ಮಾವನವರ ಪಂಚೆ ಸಿಕ್ಕಿಹಾಕಿಕೊಂಡ ಮೇಲೆ ಕುಟುಂಬದ ಹಿರಿಯರ ಸಭೆಯಲ್ಲಿ ಹಾಗೆಂದು ತೀರ್ಮಾನವಾಯಿತು.

ಇಷ್ಟೆಲ್ಲ ಕಂಡ ಮೇಲೆ, ನಮ್ಮ ಸಂಸಾರಗಳಲ್ಲಿ ಮುಗಿಯತಕ್ಕವು ಯಾವುವು, ಮುಗಿಯದವು ಯಾವುವು ಎಂಬುದು ಸ್ವಲ್ಪಮಟ್ಟಿಗೆ ತಿಳಿಯಾಗತೊಡಗಿದೆ. ಮಗಳ ಭರತನಾಟ್ಯದ ರಂಗಪ್ರವೇಶವನ್ನು ನೆನೆಯಿರಿ; ಎಷ್ಟೋ ವರ್ಷಗಳ ಅಭ್ಯಾಸ, ಊರಿನಿಂದ ಆಭರಣ, ಮೃದಂಗದವರ ವೀಸಾ, ಇನ್ನೂರು ಮುನ್ನೂರು ಜನರಿಗೆ ಊಟ; ಇಷ್ಟು ದೊಡ್ಡ ಯಜ್ಞ ಒಂದು ದಿನವೂ ಮುಂದಕ್ಕೆ ಹೋದದ್ದನ್ನು ನಾನು ಕಂಡಿಲ್ಲ, ಏಕೆಂದರೆ ಸಭಾಂಗಣಕ್ಕೆ ಮುಂಗಡ ಕೊಟ್ಟಾಗಿರುತ್ತದೆ. ಗೊಂಬೆಹಬ್ಬವನ್ನು ನೋಡಿ: ಬೇಸ್‌ಮೆಂಟಿಗೆ ಒಂದು ಬಾಗಿಲು ಕೂರಿಸಲು ವರ್ಷಗಟ್ಟಲೆ ತೆಗೆದುಕೊಳ್ಳುವ ಅದೇ ಗೃಹಸ್ಥನು, ಮಹಾಲಯ ಅಮಾವಾಸ್ಯೆಯ ರಾತ್ರಿ ಪುಸ್ತಕದ ಪೆಟ್ಟಿಗೆ, ಹಲಗೆ, ಹಳೆಯ ಸೂಟ್‌ಕೇಸುಗಳನ್ನೆಲ್ಲ ಸೇರಿಸಿ ಒಂಬತ್ತು ಮೆಟ್ಟಿಲು ಕಟ್ಟಿ, ಬಿಳಿಯ ಪಂಚೆ ಹೊದಿಸಿ, ಪಟ್ಟದ ಗೊಂಬೆಗಳನ್ನು ಕೂರಿಸಿಯೇ ಮಲಗುತ್ತಾನೆ. ಪಂಚಾಂಗ ಯಾರಿಗಾಗಿಯೂ ಕಾಯುವುದಿಲ್ಲ. ಪಾಡ್ಯದ ಸಂಜೆಗೆ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದೇ ಬರುತ್ತಾರೆ. ಗೊತ್ತಾದ ದಿನ, ಬರಲಿರುವ ಜನ, ಇವೆರಡು ಒಂದುಗೂಡಿದಲ್ಲಿ ಉತ್ಸಾಹದ ಪ್ರಶ್ನೆಯೇ ಏಳುವುದಿಲ್ಲ. 2002ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ ಇದೇ ಡೆಟ್ರಾಯಿಟಿನಲ್ಲಿ ನೆರೆದಾಗ ಊರಿನಿಂದ ಬರುವ ನೆಂಟರಿಷ್ಟರನ್ನು ಮಲಗಿಸಲೆಂದೇ ಎಷ್ಟು ಬೇಸ್‌ಮೆಂಟುಗಳಿಗೆ ರತ್ನಗಂಬಳಿ ಬಂದಿತೆಂಬುದನ್ನು ಬಲ್ಲವರು ಇನ್ನೂ ನಗುನಗುತ್ತ ಹೇಳುತ್ತಾರೆ.

ನನ್ನ ಕಾದಂಬರಿಗೆ ಪಂಚಾಂಗವಿಲ್ಲ, ಪರ್ಮಿಟ್ಟಿಲ್ಲ. ಬೇಕೆಂದು ಕೇಳಿದ ಪ್ರಕಾಶಕರೂ ಇಲ್ಲ. ಆದರೆ ಹೊರಡುವ ಮುನ್ನ ಮಾವನವರು ಹಸ್ತಪ್ರತಿಯನ್ನು ಕೇಳಿ ಇಸಿದುಕೊಂಡು, ಬೇಸ್‌ಮೆಂಟಿನ ಅದೇ ಕುರ್ಚಿಯಲ್ಲಿ ಕುಳಿತು ಓದಿದರು. ಮುಗಿಸಿ ಕನ್ನಡಕ ತೆಗೆದು, “ಅರಸೀಕೇರಿ ಸ್ಟೇಶನ್ನು ಭಾಳ ಛೊಲೋ ಬರದೀರಿ. ಆದ್ರ ಹುಡುಗ ಧಾರವಾಡಕ್ಕ ಮುಟ್ಟಿದ ಮ್ಯಾಲೆ ಯಾರ ಮನೀಗೆ ಹೋಗ್ತಾನ? ನಾ ಮುಂದಿನ ಸಲಾ ಬಂದಾಗ ಓದತೀನಿ” ಎಂದರು. ಮುಂದಿನ ಸಲ ಎಂದರೆ ಮುಂದಿನ ಏಪ್ರಿಲ್. ಟಿಕೆಟ್ಟು ಆಗಲೇ ಕೊಂಡಾಗಿದೆ.

ಇನ್ನು ಸದ್ಯದ ಪರಿಸ್ಥಿತಿ. ಚೌಕಟ್ಟಿಗೂ ತಂತಿಗೂ ಇನ್ಸ್‌ಪೆಕ್ಟರರ ಒಪ್ಪಿಗೆ ದೊರೆತಿದೆ. ನಾಲ್ಕಡಿ ಅಗಲ, ಎಂಟಡಿ ಉದ್ದದ ಡ್ರೈವಾಲ್ ಹಲಗೆಗಳು ಗ್ಯಾರೇಜನ್ನು ತುಂಬಿ ಎರಡು ಕಾರುಗಳೂ ಹೊರಗೆ ಹಿಮದಲ್ಲಿ ನಿಂತಿವೆ. ಒಂದೊಂದು ಹಲಗೆಯೂ ಐವತ್ತು ಪೌಂಡಿನ ಆಸುಪಾಸು ತೂಗತಕ್ಕದ್ದು. ಅದನ್ನು ಛಾವಣಿಗೆ ಎತ್ತಿ ಹಿಡಿದು ಸ್ಕ್ರೂ ಹಾಕುವುದು ಒಬ್ಬನಿಂದಾಗುವ ಕೆಲಸವಲ್ಲ. ಆದಕಾರಣ ನೋವೈ, ಫಾರ್ಮಿಂಗ್‌ಟನ್ ಹಿಲ್ಸ್, ಕ್ಯಾಂಟನ್ ಪ್ರಾಂತ್ಯದ ಕನ್ನಡ ಬಂಧುಗಳಲ್ಲಿ ಬಿನ್ನಹ: ಬರುವ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ನಾಲ್ಕು ಜನ ಗಟ್ಟಿಗರು ಬೇಕಾಗಿದ್ದಾರೆ. ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಬಿಸಿಬೇಳೆಬಾತು ಎರಡೂ ಸೀಮೆಯ ಮರ್ಯಾದೆಗೆ ತಕ್ಕಂತೆ ಸಿದ್ಧವಾಗಿರುತ್ತದೆ. ಅಳತೆಯ ಟೇಪು ತಮ್ಮದೇ ತರಬೇಕು. ಹದಿನೈದು ನಿಮಿಷದ ಮಿತ್ರರೂ ಬರಬಹುದು, ಆದರೆ ಅವರು ಸಾಯಂಕಾಲದವರೆಗೆ ಇರಬೇಕಾಗುತ್ತದೆ.